ಅಲಂಕಾರ ಬದಲಿಸಿದ ಮೇಲೆ ಸಿಗಡಿಗಳೆಲ್ಲ ಸತ್ತವು, ಫೈಟರ್ ಮೀನಿನ ಬಾಲ ಸೀಳಿದೆ: ತಪ್ಪು ಯಾವುದರದು?

ತೊಟ್ಟಿಮನೆ:

ಎಲ್ಲರಿಗೂ ನಮಸ್ಕಾರ. ನನ್ನದು 60 ಲೀಟರಿನ ತೊಟ್ಟಿ. ಎಂಟು ತಿಂಗಳಿಂದ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಒಂದು ಫೈಟರ್, ಎಂಟು ನಿಯಾನ್ ಟೆಟ್ರಾ, ಹನ್ನೆರಡು ಚೆರ್ರಿ ಸಿಗಡಿ. ತಳದಲ್ಲಿ ಮರಳು, ಒಂದು ಮರದ ಬೊಡ್ಡೆ, ಅದಕ್ಕೆ ಕಟ್ಟಿದ ಜಾವಾ ಪಾಚಿ. ನನಗೆ ಅಷ್ಟೇ ಸಾಕಿತ್ತು, ಆದರೆ ಮಗಳು ಅದನ್ನು ಬೋಳು ತೊಟ್ಟಿ ಎಂದು ಕರೆಯುತ್ತಿದ್ದಳು. ಅವಳ ಹುಟ್ಟುಹಬ್ಬಕ್ಕೆಂದು ಮೂರು ವಾರದ ಹಿಂದೆ ಒಂದು ಭಾನುವಾರ ಕುಳಿತು ಸಿಂಗರಿಸಿದೆವು. ಅಂಗಡಿಯಿಂದ ತಂದ ಬಿಳಿ ಕಲ್ಲು ಎರಡು ಕಿಲೋ, ಪ್ಲಾಸ್ಟಿಕ್ ಗಿಡ ನಾಲ್ಕು, ಕಿಟಕಿಗಳಿರುವ ಪುಟ್ಟ ಕೋಟೆ ಒಂದು, ಮುರುಡೇಶ್ವರದ ತೀರದಲ್ಲಿ ಆಯ್ದ ಚಿಪ್ಪು ಒಂದು ಬೊಗಸೆ. ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದೇ ಹಾಕಿದ್ದು.

ಸೋಮವಾರ ಬೆಳಿಗ್ಗೆಯೇ ಫೈಟರ್ ಬಾಲದಲ್ಲಿ ಒಂದು ಸೀಳು ಕಾಣಿಸಿತು. ಶುಕ್ರವಾರ ಎರಡು ಸಿಗಡಿ ಸತ್ತವು. ಅದರ ಮುಂದಿನ ಸೋಮವಾರದ ಹೊತ್ತಿಗೆ ಹನ್ನೆರಡೂ ಹೋದವು. ಈಗ ಟೆಟ್ರಾಗಳು ಬಣ್ಣ ಕಳೆದುಕೊಂಡು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ) 6.8 ಇದ್ದದ್ದು 7.8ಕ್ಕೆ ಏರಿದೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 140 ಇತ್ತು, ಈಗ 230. ಎಲ್ಲವೂ ಬಿಳಿ ಕಲ್ಲಿನ ಕಿತಾಪತಿ ಎಂದು ಪರಿಚಿತರೊಬ್ಬರು ಹೇಳಿದರು. ಕಲ್ಲು ತೆಗೆದರೆ ಸಾಕೇ?

ಗುಳ್ಳೆ:

ಫೈಟರ್ ಇರುವ ಕಡೆ ಸಿಗಡಿ ಎಂಟು ತಿಂಗಳು ಉಳಿದದ್ದೇ ಪುಣ್ಯ. ಅದೇ ತಿಂದಿರಬೇಕು, ಅಲಂಕಾರವನ್ನು ಏಕೆ ದೂರುತ್ತೀರಿ?

ತೊಟ್ಟಿಮನೆ:

ತಿಂದಿದ್ದರೆ ದೇಹ ಸಿಗುತ್ತಿರಲಿಲ್ಲ. ಹನ್ನೆರಡರಲ್ಲಿ ಹತ್ತು ಇಡಿಯಾಗಿಯೇ ಸಿಕ್ಕವು, ಬೇಯಿಸಿದ ಸಿಗಡಿಯ ಹಾಗೆ ಮಂಕಾಗಿ ಬಿಳಿಚಿಕೊಂಡಿದ್ದವು.

ಕಪ್ಪುಕಲ್ಲು:

ಮೇಡಂ, ನೀವು ದಿನ ಬರೆದಿಟ್ಟದ್ದು ಒಳ್ಳೆಯದಾಯಿತು. ಇಲ್ಲಿ ಮೂರು ಕಾಯಿಲೆಗಳಿವೆ, ಮೂರರ ನಡಿಗೆಯೂ ಬೇರೆ. ಒಂದೇ ಕಳ್ಳನನ್ನು ಹಿಡಿಯಲು ಹೊರಟರೆ ಉಳಿದ ಇಬ್ಬರು ತೊಟ್ಟಿಯಲ್ಲೇ ಉಳಿಯುತ್ತಾರೆ.

ಬಾಲದ ಸೀಳು ಒಂದೇ ರಾತ್ರಿಯಲ್ಲಿ ಆಗಿದೆ. ನೀರಿನ ದೋಷ ಅಷ್ಟು ಬೇಗ ಬಾಲ ಸೀಳುವುದಿಲ್ಲ, ಅದು ಗಿಡದ ಕೆಲಸ. ಸೀಳಿನ ಅಂಚನ್ನು ಟಾರ್ಚ್ ಹಿಡಿದು ನೋಡಿ. ಬ್ಲೇಡಿನಿಂದ ಕತ್ತರಿಸಿದಂತೆ ಶುಭ್ರವಾಗಿದ್ದರೆ ಹರಿದದ್ದು. ಅಂಚು ಬಿಳಿಯಾಗಿ ಅಥವಾ ಕಪ್ಪಾಗಿ, ಕರಗಿದಂತೆ ಕಂಡರೆ ಕೊಳೆಯುತ್ತಿದೆ ಎಂದರ್ಥ. ಗಿಡವನ್ನು ಹೊರತೆಗೆದು ಅದರ ಮೇಲೆ ಶಿಫಾನ್ ದುಪಟ್ಟಾದ ಅಂಚನ್ನು ಮೆಲ್ಲಗೆ ಎಳೆಯಿರಿ. ದಾರ ಸಿಕ್ಕಿಕೊಂಡರೆ ಫೈಟರ್ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ಕೋಟೆಯ ಕಿಟಕಿಗಳಿಗೂ ಇದೇ ಪರೀಕ್ಷೆ ಮಾಡಿ. ತಲೆ ಮಾತ್ರ ತೂರುವಷ್ಟು ಅಗಲದ ಕಿಟಕಿ ಇದ್ದರೆ ಕೋಟೆಯೇ ಬೇಡ. ಮೀನಿಗೆ ಹಿಂದಕ್ಕೆ ಈಜಿ ಬಿಡಿಸಿಕೊಳ್ಳುವುದು ಕಷ್ಟ.

ಪಿಎಚ್ ನಿಧಾನವಾಗಿ ಏರಿದೆ, ಜೊತೆಗೆ ಟಿಡಿಎಸ್ ಕೂಡ ಏರಿದೆ. ಇದು ಬಿಳಿ ಕಲ್ಲು ಮತ್ತು ಚಿಪ್ಪಿನದು. ಅಗ್ಗಕ್ಕೆ ಸಿಗುವ ಬಿಳಿ ಕಲ್ಲು ಹೆಚ್ಚಾಗಿ ಅಮೃತಶಿಲೆಯ ಚೂರು. ಅಮೃತಶಿಲೆ, ಸುಣ್ಣಕಲ್ಲು, ಚಿಪ್ಪು, ಹವಳ ಎಲ್ಲವೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್. ಮೃದುವಾದ, ತುಸು ಆಮ್ಲೀಯ ನೀರಿನಲ್ಲಿ ಅದು ಕರಗುತ್ತ ಹೋಗಿ, ಪಿಎಚ್ ಸುಮಾರು 8ರ ಹತ್ತಿರ ಬಂದಾಗ ಬಹುತೇಕ ನಿಲ್ಲುತ್ತದೆ. ಗಪ್ಪಿ, ಮೋಲಿಗಳಿಗೆ ಇಂಥ ನೀರು ಹಬ್ಬ. ನಿಯಾನ್ ಟೆಟ್ರಾ ಅಮೆಜಾನ್ ಪ್ರದೇಶದ ಮೆದುನೀರಿನ ಮೀನು, ಅದಕ್ಕೆ ಸಜೆ. ಇನ್ನೊಂದು ಅಪಾಯವಿದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ನೀರಿನಲ್ಲಿರುವ ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ. 5 ದಾಟುತ್ತದೆ. ಈಗ ನಿಮ್ಮಲ್ಲಿ ಅಮೋನಿಯಾ ಸೊನ್ನೆ ಇರುವುದರಿಂದ ಬಚಾವು. ಒಂದು ದಿನ ಆಹಾರ ಹೆಚ್ಚು ಬಿದ್ದು, ಕೊಳೆತು ಅಮೋನಿಯಾ ಎದ್ದರೆ ಅದೇ ನೀರು ಮಾರಕವಾಗುತ್ತದೆ.

ಆದರೆ ಸಿಗಡಿಗಳ ಸಾವು ಈ ಎರಡಕ್ಕೂ ಹೊಂದುವುದಿಲ್ಲ. ಅಷ್ಟು ದಿನದಲ್ಲಿ ಪಿಎಚ್ ಅರ್ಧ ಅಂಕ ಏರಿದರೆ ಚೆರ್ರಿ ಸಿಗಡಿ ಸಾಯುವುದಿಲ್ಲ. ತುಸು ಗಡಸು ನೀರು ಅದಕ್ಕೆ ಇಷ್ಟವೇ. ಮೀನು ಉಳಿದು ಸಿಗಡಿ ಮಾತ್ರ ಸತ್ತಿತು ಎಂದರೆ ನನಗೆ ಮೊದಲು ನೆನಪಾಗುವುದು ಕೀಟನಾಶಕ ಅಥವಾ ತಾಮ್ರ. ಸೊಳ್ಳೆಗೆ ಏನಾದರೂ ಸಿಂಪಡಿಸಿದಿರಾ? ಮೀನಿಗೆ ಔಷಧಿ ಹಾಕಿದಿರಾ? ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ತೊಟ್ಟಿಯಲ್ಲಿದೆಯೇ? ನಾಣ್ಯ, ಗೆಜ್ಜೆ, ತಂತಿ, ಏನೇ ಇರಲಿ ಹೇಳಿ.

ತೊಟ್ಟಿಮನೆ:

ಸೊಳ್ಳೆಗೆ ಸೊಳ್ಳೆಪರದೆ ಮಾತ್ರ. ಔಷಧಿ ಹಾಕಿಲ್ಲ. ಆದರೆ ನಿಮ್ಮ ಪ್ರಶ್ನೆ ಓದಿ ಮರಳನ್ನು ಕೆದಕಿದೆ. ಕೋಟೆಯ ಹಿಂದೆ ಒಂದು ಹಿತ್ತಾಳೆಯ ಆಮೆ ಕುಳಿತಿತ್ತು! ಅತ್ತೆಯವರನ್ನು ಕೇಳಿದರೆ, ಆಮೆಯನ್ನು ನೀರಿನಲ್ಲಿಟ್ಟರೆ ಮನೆಗೆ ಒಳ್ಳೆಯದು, ಹೇಗೂ ಇಷ್ಟು ದೊಡ್ಡ ನೀರಿನ ಪೆಟ್ಟಿಗೆ ಇದೆಯಲ್ಲ ಎಂದು ಮಂಗಳವಾರ ಇಟ್ಟರಂತೆ. ಅದೂ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ. ಅವರ ಪ್ರಕಾರ ಅದು ಅಲಂಕಾರವಲ್ಲ, ಆದ್ದರಿಂದ ನಮ್ಮ ಪಟ್ಟಿಗೆ ಬಂದಿರಲಿಲ್ಲ.

ಕಪ್ಪುಕಲ್ಲು:

ಮಂಗಳವಾರ ಆಮೆ, ಶುಕ್ರವಾರ ಮೊದಲ ಸಾವು. ಲೆಕ್ಕ ಕೂಡಿಬಂದಿತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಕೆಲವೊಮ್ಮೆ ತುಸು ಸೀಸ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಮೀನಿಗಿಂತ ಬಹಳ ಕಡಿಮೆ ಪ್ರಮಾಣದಲ್ಲೇ ವಿಷ. ಮಾಸಿದ ಹಿತ್ತಾಳೆಯ ಮೇಲಿನ ಪದರ ಲೋಹವನ್ನು ಸ್ವಲ್ಪಮಟ್ಟಿಗೆ ಮುಚ್ಚಿಟ್ಟಿರುತ್ತದೆ. ಹುಣಸೆಹುಳಿ ಆ ಪದರವನ್ನು ಕಿತ್ತು ಹಸಿ ಲೋಹವನ್ನು ನೀರಿಗೆ ಒಡ್ಡಿದೆ. ಅತ್ತೆಯವರಿಗೆ ಬೇಸರವಾಗದಂತೆ ಹೇಳಬೇಕಾದರೆ ಅವರದೇ ಅಡುಗೆಮನೆಯ ಮಾತು ಸಾಕು: ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡುವುದಿಲ್ಲವಲ್ಲ, ಅದೇ ಕಾರಣ. ನಿಮ್ಮ ಮೊದಲಿನ 6.8ರ ನೀರು ಹುಳಿಯ ಕಡೆಗೇ ಇತ್ತು.

ಮಾಡಬೇಕಾದದ್ದು: ಆಮೆ, ಗಿಡ, ಚಿಪ್ಪು ಇಂದೇ ಹೊರಗೆ. ಬಿಳಿ ಕಲ್ಲು ಹೊಸದಾಗಿ ಮೇಲೆ ಹರಡಿದ್ದಾದ್ದರಿಂದ ಅದನ್ನೂ ಎತ್ತಿಬಿಡಿ. ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಹಳೆಯ ಮರಳು ಮತ್ತು ಫಿಲ್ಟರ್ ಸ್ಪಂಜಿನಲ್ಲಿರುತ್ತವೆ, ಅವನ್ನು ಮುಟ್ಟಬೇಡಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರೇ ಆಗಿರಲಿ. ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಇಡಿ, ಅದು ತಾಮ್ರವನ್ನು ಸ್ವಲ್ಪ ಹೀರುತ್ತದೆ. ಪಿಎಚ್ ಇಳಿಸುವ ದ್ರಾವಣವನ್ನು ಮಾತ್ರ ಕೊಳ್ಳಬೇಡಿ. ಒಂದೇ ದಿನ ಇಳಿದು ಮತ್ತೆ ಏರಿದರೆ, ನಿಂತ 7.8ಕ್ಕಿಂತ ಆ ತೂಗಾಟವೇ ಮೀನಿಗೆ ಹೆಚ್ಚು ಕೆಟ್ಟದ್ದು.

ಗುಳ್ಳೆ:

ನನ್ನ ಮಾತು ವಾಪಸ್. ಆದರೆ ಒಂದು ಸಂದೇಹ. ವಿನಿಗರ್ ಹಾಕಿ ನೊರೆ ಬಂದರೆ ಕಲ್ಲು ಬೇಡ, ಬರದಿದ್ದರೆ ಹಾಕಬಹುದು ಎನ್ನುತ್ತಾರಲ್ಲ? ನಾನು ಇಷ್ಟು ವರ್ಷ ಅದನ್ನೇ ನಂಬಿದ್ದೇನೆ.

ಕಪ್ಪುಕಲ್ಲು:

ಅರ್ಧ ಸರಿ. ನೊರೆ ಬಂದರೆ ಖಂಡಿತ ಬೇಡ. ಬರದಿದ್ದರೆ ಖಾತರಿ ಇಲ್ಲ, ಏಕೆಂದರೆ ವಿನಿಗರ್ ಬಡಕಲು ಆಮ್ಲ. ಡಾಲಮೈಟ್‌ನಂಥ (ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕಾರ್ಬೊನೇಟೂ ಇರುವ) ಕಲ್ಲಿನ ಮೇಲೆ ಅದು ಬಹುತೇಕ ಸುಮ್ಮನೆ ಕುಳಿತಿರುತ್ತದೆ. ಮೊಳೆಯಿಂದ ಗೀರಿ, ಉದುರಿದ ಪುಡಿಯ ಮೇಲೆ ಬಿಟ್ಟರೆ ಫಲ ಚೆನ್ನಾಗಿ ಕಾಣುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬಳಸಿ ಎಂದು ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಕೇಳಬೇಡಿ.

ನಾನು ನಂಬುವುದು ಎರಡು ಬಕೆಟ್. ಎರಡರಲ್ಲೂ ಒಂದೇ ನೀರು. ಒಂದರಲ್ಲಿ ಕಲ್ಲು, ಇನ್ನೊಂದು ಖಾಲಿ. ಒಂದು ವಾರ ಬಿಟ್ಟು ಎರಡರ ಪಿಎಚ್ ಮತ್ತು ಟಿಡಿಎಸ್ ಅಳೆಯಿರಿ. ಖಾಲಿ ಬಕೆಟ್ ಏಕೆಂದರೆ ನಲ್ಲಿ ನೀರು ನಿಂತಲ್ಲೇ ಪಿಎಚ್ ಬದಲಿಸಿಕೊಳ್ಳುವುದುಂಟು, ಪಾಪದ ಕಲ್ಲಿನ ಮೇಲೆ ಆರೋಪ ಬರಬಾರದಲ್ಲ. ಆದರೆ ಲೋಹಕ್ಕೆ ಈ ಪರೀಕ್ಷೆ ಕುರುಡು. ಸಿಗಡಿ ಕೊಲ್ಲುವಷ್ಟು ತಾಮ್ರ ಟಿಡಿಎಸ್ ಮೀಟರಿಗೆ ಕಾಣಿಸುವುದೇ ಇಲ್ಲ. ಅಯಸ್ಕಾಂತವೂ ಹಿತ್ತಾಳೆಗೆ ಅಂಟುವುದಿಲ್ಲ. ಹಾಗಾಗಿ ಲೋಹದ ವಿಷಯದಲ್ಲಿ ನನ್ನದು ಹಟ: ಬೇಡವೆಂದರೆ ಬೇಡ.

ಕೆಂಪುಹೆಂಚು:

ಮಗಳಿಗೆ ಕೋಟೆಯ ಬದಲು ಏನಾದರೂ ಬೇಕಲ್ಲ? ನನ್ನ ತೊಟ್ಟಿಯಲ್ಲಿರುವುದು ಒಡೆದ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಮೀನಿನ ಗುಹೆಯ ಯೋಚನೆ ಇದ್ದಿರಲಿಕ್ಕಿಲ್ಲ. ಆದರೂ ಸುಟ್ಟ ಮಣ್ಣು ನೀರಿಗೆ ಏನನ್ನೂ ಬಿಡುವುದಿಲ್ಲ, ಚೂಪಾದ ಅಂಚನ್ನು ಒರಟು ಕಲ್ಲಿಗೆ ಉಜ್ಜಿದರೆ ಮುಗಿಯಿತು. ಒಂದು ಎಚ್ಚರ: ಮಾಡಿನ ಮೇಲೆ ಕೆಂಪು ಬಣ್ಣ ಬಳಿದಿದ್ದ ಹೆಂಚು ಬೇಡ. ಮಿರುಗುವ ಲೇಪವಿರುವ ಕುಂಡವೂ ಬೇಡ, ಆ ಲೇಪದಲ್ಲಿ ಸೀಸ ಇರಬಹುದು. ತೆಂಗಿನ ಕರಟವೂ ಚೆನ್ನ. ಒಳಗಿನ ಕಾಯಿಯನ್ನು ಪೂರ್ತಿ ಕೆರೆದು, ನಾರು ತೆಗೆದು, ನೀರು ಬದಲಿಸುತ್ತ ಎರಡು ಮೂರು ಬಾರಿ ಕುದಿಸಿ. ಒಂದು ಕಡೆ ಬಾಗಿಲಿನಂತೆ ಕತ್ತರಿಸಿ ಕವುಚಿ ಹಾಕಿದರೆ ಮನೆ ಸಿದ್ಧ.

ಮತ್ತೊಂದು ಮಾತು, ಚಿಪ್ಪಿನ ಜೊತೆ ಹವಳದ ತುಂಡೇನಾದರೂ ಬಂದಿದ್ದರೆ ಮುಂದೆ ಆಯ್ದು ತರಬೇಡಿ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ.

ತೊಟ್ಟಿಮನೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ದುಪಟ್ಟಾ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಗಿಡ ಅನುತ್ತೀರ್ಣ (ದುಪಟ್ಟಾ ಕೂಡ). ಸೀಳಿದ ಜಾಗದಲ್ಲಿ ಗಾಜಿನಂಥ ತೆಳು ರೆಕ್ಕೆ ಬೆಳೆಯುತ್ತಿದೆ. ಪಿಎಚ್ 7.0, ಟಿಡಿಎಸ್ 155. ಟೆಟ್ರಾಗಳ ನೀಲಿ ಪಟ್ಟಿ ಮರಳಿದೆ. ಆಮೆ ಈಗ ಬಾಗಿಲ ಬಳಿ, ಹೂವು ತೇಲುವ ಉರುಳಿಯಲ್ಲಿದೆ. ಅಲ್ಲಿಯೂ ನೀರೇ ಆದ್ದರಿಂದ ಅತ್ತೆಯವರು ಒಪ್ಪಿದರು. ಕರಟಕ್ಕೆ ಮಗಳೇ ಬಾಗಿಲು ಗುರುತಿಸಿಕೊಟ್ಟಳು, ನಾನು ಕತ್ತರಿಸಿದೆ. ಈಗ ಎರಡು ಪ್ರಶ್ನೆ. ಕರಟದಿಂದ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿದೆ, ತೆಗೆದು ಮತ್ತೆ ಕುದಿಸಬೇಕೇ? ಸಿಗಡಿ ಮತ್ತೆ ತರಬಹುದೇ?

ಕೆಂಪುಹೆಂಚು:

ಕುದಿಸಬೇಡಿ, ಅದು ಟ್ಯಾನಿನ್, ಚಹಾದಲ್ಲೂ ಇರುವ ಒಗರಿನ ಸಸ್ಯದ್ರವ್ಯ. ಅದಕ್ಕೆಂದೇ ಜನ ಕಾಡುಬಾದಾಮಿ ಎಲೆ ಕೊಂಡು ಹಾಕುತ್ತಾರೆ, ನಿಮಗೆ ಪುಕ್ಕಟೆ ಸಿಕ್ಕಿದೆ.

ಕಪ್ಪುಕಲ್ಲು:

ಹನ್ನೆರಡು ತರಬೇಡಿ. ಮೊದಲು ತೊಟ್ಟಿಯ ನೀರಿಗೆ ತಾಮ್ರದ ಪರೀಕ್ಷೆ ಮಾಡಿಸಿ. ಸೊನ್ನೆ ಬಂದ ಮೇಲೆ ಎರಡೇ ಸಿಗಡಿ ತಂದು ಹದಿನೈದು ದಿನ ನೋಡಿ. ಅಷ್ಟರಲ್ಲಿ ಅತ್ತೆಯವರು ಇನ್ನೇನನ್ನಾದರೂ ತಿಕ್ಕಿ ಇಟ್ಟಿದ್ದಾರೆಯೇ ಎಂದು ಕರಟದ ಹಿಂದೆ ಒಮ್ಮೆ ಕಣ್ಣಾಡಿಸಿ.