ಅಪ್‌ಡೇಟ್: ಸೂರ್ಯಾಸ್ತ ಕಡೀಗೂ ಕೆಂಪಗೇ ಬಂತ್ರಿ

ಹೋದ ವಾರ ಕೇಳಿದ್ದೆನಲ್ರಿ, ಮುನಿರಾಬಾದ್ ಕಡೆ ತುಂಗಭದ್ರಾ ಡ್ಯಾಂ ಹಿನ್ನೀರಿನಾಗ ಮುಳುಗೋ ಸೂರ್ಯನ ಫೋಟೋ ತೆಗೆದ್ರ ಆಕಾಶ ಬೆಳ್ಳಗಾಗ್ತದ, ಕೆಂಪೇ ಉಳಿಯಂಗಿಲ್ಲ, ಗೋಕರ್ಣಕ್ಕ ಹೋಗೋದ್ರೊಳಗ ಏನರ ಹೇಳ್ರಿ ಅಂತ. ಕೊಪ್ಪಳದಿಂದ ಐದು ಮಂದಿ ಹೋಗಿ ಬಂದ್ವಿ.

ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣ ಹೊಂದಿಸೋ ಸೆಟ್ಟಿಂಗ್) ಆಟೋ ಬಿಟ್ಟು ‘ಕ್ಲೌಡಿ’ಗೆ, ಅಂದ್ರ ಮೋಡದ ದಿನದ ಸೆಟ್ಟಿಂಗಿಗೆ ಇಡ್ರಿ ಅಂದಿದ್ರಲ್ಲ, ಅದೇ ಕೆಲಸ ಮಾಡ್ತು. ಆಟೋದಾಗ ಕ್ಯಾಮೆರಾ ಆ ಕೆಂಪನ್ನೇ ತಪ್ಪು ಅಂತ ತಿಳಿದು ತೊಳೆದುಬಿಡ್ತದ. ಜೊತಿಗೆ ಸೂರ್ಯನ ಪಕ್ಕದ ಆಕಾಶಕ್ಕ ಮೀಟರ್ ಹಿಡಿದು (ಅಲ್ಲಿನ ಬೆಳಕು ಅಳೆದು) ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರ ಒಳಗ ಬರೋ ಬೆಳಕು ಅರ್ಧ ಆಗೂವಂಗ, ಇಳಿಸಿದೆ. ಮುಂದ ನಿಂತವ್ರಿಗೆ ಫ್ಲ್ಯಾಶ್ ಹೊಡೀರಿ ಅಂದಿದ್ರಲ್ಲ, ಆ ಸಲಹೆ ಮಾತ್ರ ಬ್ಯಾಡ್ರಿ. ಗೆಳೆಯನ ಮುಖ ಸುಣ್ಣ ಹೊಡೆದ ಗೋಡೆ ಆತು. ಅವನನ್ನ ಕರೀ ನೆರಳಾಗೇ ಬಿಟ್ಟಿದ್ದು ಭಾಳ ಚೆಂದ ಬಂತು. (ಅವನಿಗೆ ಸಿಟ್ಟು ಬಂದದ, ಆ ಮಾತು ಬ್ಯಾರೆ.)

ನನಗ ಗೊತ್ತಿಲ್ಲದ್ದು ಒಂದಿತ್ತು. ಸೂರ್ಯ ಮುಳುಗಿದ ಕೂಡ್ಲೆ ಮೂವರು ಟ್ರೈಪಾಡ್ ಮಡಚಿ ಚಾಕ್ಕ ಹೋದ್ರು. ಆಮ್ಯಾಲ 20 ನಿಮಿಷದಾಗ ನೋಡ್ರಿ, ಆಕಾಶ ಕುಂಕುಮ ಚೆಲ್ಲಿದಂಗ! ತೆರೆ ಹಿಂದ ಸರಿದಾಗ ಹಸಿ ಉಸುಕೆಲ್ಲಾ ಕನ್ನಡಿ. ನನ್ನ ಒಳ್ಳೆ ಫೋಟೋ ಎಲ್ಲಾ ಆಗಿನವೇ.

ಹಾಂ, ಲೆನ್ಸ್ ಮ್ಯಾಲ ಉಪ್ಪುನೀರಿನ ಸಣ್ಣ ಹನಿ ಕೂತು ಮಂಜಾಗ್ತದ. ಉಸುಕು ಊದಿ ತೆಗೀದೆ ಒರೆಸಬ್ಯಾಡ್ರಿ, ನನ್ನ ಫಿಲ್ಟರ್‌ಗೆ ಗೀರು ಬಿದ್ದದ.