ಅಪ್‌ಡೇಟ್: ಸ್ಲೀಪ್ ಅಪ್ನಿಯಾಗೆ ದಂತವೈದ್ಯರ ಸಾಧನ ಸಾಕಾ?

ಸ್ಲೀಪ್ ಅಪ್ನಿಯಾ ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ರೋಗ. ಅದಕ್ಕೆ ಕೊಡುವ ಸಿಪ್ಯಾಪ್ ಮಾಸ್ಕ್ (ಗಾಳಿಯ ಒತ್ತಡದಿಂದ ಗಂಟಲಿನ ದಾರಿ ತೆರೆದಿಡುವ ಯಂತ್ರದ್ದು) ಒಗ್ಗದವರಿಗೆ ದಂತವೈದ್ಯರು ಮಾಡಿಕೊಡುವ ಸಾಧನ ಸಾಕಾಗುತ್ತಾ ಅಂತ ಕೇಳಿದ್ದೆ. ಸಾಕಾಗುತ್ತೆ, ಆದರೆ ಎಲ್ಲರಿಗೂ ಅಲ್ಲ.

ಮೊದಲು ನಿದ್ರೆಯ ಪರೀಕ್ಷೆ ಆಗಲೇಬೇಕು. ರೋಗ ಇದೆಯೋ ಇಲ್ಲವೋ ಅಂತ ಹೇಳೋದು ನಿದ್ರಾತಜ್ಞರು. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಲ್ಲುತ್ತೆ ಅಥವಾ ಕುಗ್ಗುತ್ತೆ ಅನ್ನೋ ಲೆಕ್ಕವೇ ಎಎಚ್‌ಐ. ಅದು 5ರಿಂದ 30ರೊಳಗಿದ್ದರೆ ಸಾಧನ ಒಳ್ಳೆಯ ಆಯ್ಕೆ. 30 ದಾಟಿದರೆ ಮೊದಲು ಸಿಪ್ಯಾಪ್. ಮೆದುಳಿನ ಸೂಚನೆಯೇ ತಪ್ಪುವ ಸೆಂಟ್ರಲ್ ಅಪ್ನಿಯಾಗೆ ಈ ಸಾಧನದಿಂದ ಪ್ರಯೋಜನವಿಲ್ಲ.

ಸಾಧನ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತೆ, ಜೊತೆಗೆ ನಾಲಿಗೆಯ ಬುಡವೂ ಮುಂದೆ ಬಂದು ಗಂಟಲಿನ ದಾರಿ ತೆರೆದಿರುತ್ತೆ. ದವಡೆ ಎಷ್ಟು ಮುಂದೆ ಬರಬಲ್ಲದೋ ಅದರ ಸುಮಾರು ಅರ್ಧದಿಂದ ಶುರುಮಾಡಿ, ಪಕ್ಕದ ಸ್ಕ್ರೂ ತಿರುಗಿಸುತ್ತಾ ಮಿಲಿಮೀಟರಿನ ಭಾಗಗಳಲ್ಲಿ ವಾರಗಟ್ಟಲೆ ಮುಂದಕ್ಕೆ ತರುತ್ತಾರೆ. ಇಲ್ಲಿ ಅವಸರ ಮಾಡಿದರೆ ಕಿವಿಯ ಮುಂದಿನ ಕೀಲು ನೋಯುತ್ತೆ. ಹಿಡಿತಕ್ಕೆ ಗಟ್ಟಿ ಹಲ್ಲುಗಳು ಬೇಕು. ವಸಡು ಸಡಿಲವಿದ್ದರೆ ಮೊದಲು ಅದರ ಚಿಕಿತ್ಸೆ.

ಗೊರಕೆ ನಿಂತಿತು ಅಂದ ಮಾತ್ರಕ್ಕೆ ಅಪ್ನಿಯಾ ಹೋಯಿತು ಅಂತಲ್ಲ (ಹೆಚ್ಚಿನವರು ಎಡವೋದು ಇಲ್ಲೇ). ಸಾಧನ ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಬೆಳಿಗ್ಗೆ ಸಾಧನ ತೆಗೆದಾಗ ಮೇಲಿನ-ಕೆಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರೋದಿಲ್ಲ. ದಂತವೈದ್ಯರು ಕೊಡುವ ಚಿಕ್ಕ ಕಚ್ಚುಪಟ್ಟಿಯನ್ನು ಕೆಲವು ನಿಮಿಷ ಕಚ್ಚಿ ಹಿಡಿದರೆ ದವಡೆ ಜಾಗಕ್ಕೆ ಬರುತ್ತೆ. ಇದನ್ನು ತಪ್ಪಿಸಿದರೆ ವರ್ಷಗಳಲ್ಲಿ ಹಲ್ಲಿನ ಜೋಡಣೆಯೇ ಬದಲಾಗಬಹುದು. ತೊಳೆಯಲು ತಣ್ಣೀರು ಸಾಕು, ಬಿಸಿನೀರಿಗೆ ಸಾಧನ ಸೊಟ್ಟಗಾಗುತ್ತೆ.