ಆಟದಲ್ಲಿ ನಮ್ಮವರಿಂದಲೇ ಬೀಳುವ ಏಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಗೆಳೆಯರು ಸೇರಿ ಆಡುವ ಡಂಜನ್ ಆಟಗಳ (ರಾಕ್ಷಸರಿರುವ ನೆಲಮಾಳಿಗೆಗೆ ನುಗ್ಗಿ ಹೊಡೆದಾಡಿ ದೋಚುವ ವಿಡಿಯೋ ಗೇಮ್‌ಗಳ) ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ‘ಫ್ರೆಂಡ್ಲಿ ಫೈರ್’ ಹತ್ತಿರ ಬಂದು ಕೈ ನಿಂತಿದೆ. ರಾಕ್ಷಸನಿಗೆ ಅಂತ ಬಿಟ್ಟ ಏಟು ಪಕ್ಕದಲ್ಲಿರುವ ನಮ್ಮವನಿಗೇ ಬೀಳುತ್ತದಲ್ಲ, ಅದು. ಈ ಆಟಗಳ ಗಲಾಟೆ, ನಗು, ಜಗಳ ಎಲ್ಲ ಹುಟ್ಟೋದೇ ಅಲ್ಲಿಂದ. ಸುಮ್ನೆ ಇಂಗ್ಲಿಷ್ ಪದ ಇಟ್ಟು ಮುಂದೆ ಹೋಗಲು ಮನಸ್ಸಿಲ್ಲ.

‘ಮ್ಯಾಜಿಕಾ’ ನೋಡಿ. ಸ್ವೀಡನ್ನಿನ ಆ್ಯರೋಹೆಡ್ ಕಂಪನಿಯ ಆಟ, 2011ರಲ್ಲಿ ಬಂದದ್ದು. ಆಡುವವರೆಲ್ಲ ಮಂತ್ರವಾದಿಗಳು. ನೀರು, ಬೆಂಕಿ, ಚಳಿ, ಮಿಂಚು, ಕಲ್ಲು ಹೀಗೆ 8 ಶಕ್ತಿಗಳು. ಒಂದು ಸಲಕ್ಕೆ 5ರ ತನಕ ಬೆರೆಸಬಹುದು. ಏಟು ಗೆಳೆಯರಿಗೆ ತಾಗದಂತೆ ಮಾಡುವ ದಾರಿಯೇ ಇಲ್ಲ. ಒಬ್ಬ ನೀರು ಎರಚುತ್ತಾನೆ, ನೀವು ನೆನೆಯುತ್ತೀರಿ. ಆಮೇಲೆ ನೀವು ಮಿಂಚು ಕರೆದರೆ ಅದು ನಿಮಗೇ ಹೊಡೆಯುತ್ತದೆ. ಸತ್ತವನನ್ನು ಎಬ್ಬಿಸುವ ಮಂತ್ರಕ್ಕೆ ಜೀವ ಮತ್ತು ಮಿಂಚು ಎರಡೂ ಬೇಕು. ಅವಸರದಲ್ಲಿ ಒಂದು ಕೀ ಆಚೀಚೆ ಆಯಿತೋ, ಎಬ್ಬಿಸಲು ಹೋದವನೇ ಇನ್ನೊಬ್ಬನನ್ನು ಮಲಗಿಸುತ್ತಾನೆ!

ಮೊದಲು ಹೊಳೆದದ್ದು ‘ಒಳಏಟು’. ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ಕಾಣುವ ಪದ. ಆದರೆ ಅದರಲ್ಲಿ ಸಂಚಿನ ವಾಸನೆ ಇದೆ. ಟಿಕೆಟ್ ಸಿಗದವನು ಪಕ್ಷದೊಳಗಿದ್ದೇ ಕಾಲೆಳೆಯುವುದು ಒಳಏಟು, ಕೈತಪ್ಪಿ ಆಗುವಂಥದ್ದಲ್ಲ. ‘ಒಳಪೆಟ್ಟು’ ಅಂದರೆ ಹೊರಗೆ ಗಾಯ ಕಾಣದ ಪೆಟ್ಟು ಅಂತಾಗುತ್ತದೆ. ‘ಸ್ನೇಹಪೂರ್ವಕ ದಾಳಿ’ ಅಂತ ಯಾರೂ ದಯವಿಟ್ಟು ಸೂಚಿಸಬೇಡಿ. ‘ಕೈತಪ್ಪೇಟು’ ಅನ್ನೋಣವೇ? ಅರ್ಥ ಸರಿ, ಆದರೆ ಏಟು ಬಿದ್ದದ್ದು ನಮ್ಮವರಿಗೆ ಅನ್ನೋದು ಅದರಲ್ಲಿ ಬರಲ್ಲ. ‘ನಮ್ಮವರೇಟು’ ಯಾಕೋ ನಾಲಿಗೆಗೆ ಒಗ್ಗುತ್ತಿಲ್ಲ.

ಇನ್ನೊಂದು ಕಡೆ ಮಾತ್ರ ಕಷ್ಟವೇ ಆಗಲಿಲ್ಲ. ಅಟಾರಿಯವರ 1985ರ ‘ಗಾಂಟ್ಲೆಟ್’ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ. ಒಂದೇ ಯಂತ್ರದ ಮುಂದೆ 4 ಜನ ಒತ್ತಿಕೊಂಡು ನಿಂತು ಆಡುವುದು. ಹೊತ್ತು ಹೋದಂತೆ ಎಲ್ಲರ ಜೀವಶಕ್ತಿ ತಾನಾಗೇ ಇಳಿಯುತ್ತಾ ಹೋಗುತ್ತದೆ. ಏರಿಸಿಕೊಳ್ಳಲು ಊಟ ಸಿಗಬೇಕು, ಇಲ್ಲಾ ಇನ್ನೊಂದು ನಾಣ್ಯ ಹಾಕಬೇಕು. ಬಾಣ ಬಿಡುವ ಭರದಲ್ಲಿ ಯಾರೋ ಊಟಕ್ಕೇ ಹೊಡೆದುಬಿಡುತ್ತಾರೆ. ಯಾರು ಹೊಡೆದರು ಅಂತ ಯಂತ್ರವೇ ಕೂಗಿ ಹೇಳುತ್ತದೆ. ಇದಕ್ಕೆ ಪದ ಹುಡುಕಬೇಕೇ? ‘ಅನ್ನಕ್ಕೆ ಕಲ್ಲು ಹಾಕಿದ’ ಅಷ್ಟೇ.

ಅಂದಹಾಗೆ ‘ರನ್ ದ ಗಾಂಟ್ಲೆಟ್’ ಅನ್ನುವ ಇಂಗ್ಲಿಷ್ ಮಾತಿನ ಬೇರು ಸ್ವೀಡಿಷ್ ‘ಗಾಟ್‌ಲೊಪ್’. ತಪ್ಪು ಮಾಡಿದ ಸೈನಿಕ ಎರಡು ಸಾಲಿನ ನಡುವೆ ಹಾದು ಹೋಗಬೇಕು, ಸಾಲಿನಲ್ಲಿ ನಿಂತ ಅವನ ಜೊತೆಯವರೇ ಬಾರಿಸಬೇಕು. ಹೆಸರಿನಲ್ಲೇ ನಮ್ಮವರ ಏಟು ಕೂತಿದೆ, ಅಲ್ವಾ? 2014ರಲ್ಲಿ ಆ ಆಟವನ್ನು ಹೊಸದಾಗಿ ಮಾಡಿದವರೂ ಅದೇ ಆ್ಯರೋಹೆಡ್‌ನವರು.

‘ಡಂಜನ್’ ಅನ್ನು ಹಾಗೇ ಉಳಿಸಿಕೊಂಡಿದ್ದೇನೆ. ಶ್ರೀರಂಗಪಟ್ಟಣದ ಕರ್ನಲ್ ಬೈಲಿ ಡಂಜನ್ನಿಗೆ ‘ಬಂದೀಖಾನೆ’ ಸರಿ, ಟಿಪ್ಪು ಬ್ರಿಟಿಷರನ್ನು ಸೆರೆಯಿಟ್ಟ ಜಾಗ ಅದು. ಆಟದಲ್ಲಿ ನಮ್ಮನ್ನು ಯಾರೂ ಹಿಡಿದು ಹಾಕಿಲ್ಲ, ನಾವೇ ನುಗ್ಗಿ ದೋಚುತ್ತೇವೆ. ಇಂಥ ಆಟವನ್ನು ಇಂಗ್ಲಿಷಿನಲ್ಲಿ ‘ಡಂಜನ್ ಕ್ರಾಲ್’ ಅನ್ನುತ್ತಾರೆ, ಆ ‘ಕ್ರಾಲ್’ಗೆ ‘ತೆವಳಾಟ’ ಅಂತೂ ಬೇಡ.

ಈಗ ನನಗೆ ಬೇಕಾದದ್ದು ಎರಡು ಪದ. ಬೇಕಂತಲೇ ಗೆಳೆಯನಿಗೆ ಹೊಡೆಯುವವರೂ ಇದ್ದಾರೆ (ಜಾಸ್ತಿಯೇ ಇದ್ದಾರೆ), ಅದಕ್ಕೆ ‘ಒಳಏಟು’ ಇರಲಿ ಅಂದುಕೊಂಡಿದ್ದೇನೆ. ಗೊತ್ತಿಲ್ಲದೆ ಬಿದ್ದದ್ದಕ್ಕೆ ಏನು? ಲಗೋರಿ, ಚಿನ್ನಿದಾಂಡು ಆಡುವಾಗ ಏಟು ನಮ್ಮ ಕಡೆಯವನಿಗೇ ತಾಗಿದರೆ ನಿಮ್ಮೂರಲ್ಲಿ ಏನಂತಿದ್ರಿ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ.